ಸುರೇಶ್ ಸಿಂಗ್ ಏರಿದ ಏಣಿ ಮತ್ತು ಮುಂದಿನ ಹುಡುಗರ ಪಾಡು

ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲ್ ಪಂದ್ಯಾವಳಿಯು ಫೆಬ್ರವರಿ 14ರಂದು ಆರಂಭವಾಗುವುದೆಂದು ಕೇಂದ್ರ ಕ್ರೀಡಾ ಸಚಿವರು 2026ರ ಜನವರಿ 6ರಂದು ಘೋಷಿಸಿದಾಗ ಕ್ರೀಡಾಭಿಮಾನಿಗಳು ನಿಟ್ಟುಸಿರು ಬಿಟ್ಟರು. ಆದರೆ ಆ ಘೋಷಣೆಯಲ್ಲಿದ್ದ ಅಂಕಿಗಳು ಹೆಚ್ಚು ಚರ್ಚೆಗೆ ಬರಲಿಲ್ಲ. 14 ತಂಡಗಳಿಗೆ ಒಟ್ಟು 91 ಪಂದ್ಯಗಳು, ಅಂದರೆ ಪ್ರತಿ ತಂಡಕ್ಕೆ ಕೇವಲ 13. 2024-25ರ ಸಾಲಿನಲ್ಲಿ ಪ್ರತಿ ತಂಡವೂ ಲೀಗ್ ಹಂತದಲ್ಲಿ 24 ಪಂದ್ಯಗಳನ್ನಾಡಿತ್ತು. ಈ ಕಡಿತದ ಭಾರವನ್ನು ನಿಜವಾಗಿ ಹೊರುವವರು ಹೆಸರುವಾಸಿಯಾದ ಆಟಗಾರರಲ್ಲ, ಈಗಷ್ಟೇ ವೃತ್ತಿಗೆ ಕಾಲಿಡುತ್ತಿರುವ ತರುಣರು. ಇದನ್ನರಿಯಲು ಬೆಂಗಳೂರು ಎಫ್‌ಸಿಯ ಮೂಲಕ ಕನ್ನಡಿಗರಿಗೆ ಪರಿಚಿತರಾದ ಮಣಿಪುರದ ಮಿಡ್‌ಫೀಲ್ಡರ್ ಸುರೇಶ್ ಸಿಂಗ್ ವಾಂಗ್‌ಜಮ್ ಅವರ ಆರಂಭದ ವರ್ಷಗಳನ್ನು ಅವಲೋಕಿಸುವುದು ಉಚಿತ.

2000ದ ಆಗಸ್ಟ್‌ನಲ್ಲಿ ಜನಿಸಿದ ಸುರೇಶ್, 2017ರ ಅಕ್ಟೋಬರ್‌ನಲ್ಲಿ ಭಾರತವೇ ಆತಿಥ್ಯ ವಹಿಸಿದ್ದ 17 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಆಡಿದರು. ಆ 21 ಮಂದಿಯ ತಂಡದಲ್ಲಿ ಎಂಟು ಹುಡುಗರು ಮಣಿಪುರದವರೇ ಆಗಿದ್ದರು. ಭಾರತ ತನ್ನ ಮೂರು ಪಂದ್ಯಗಳನ್ನೂ ದೆಹಲಿಯ ಜವಾಹರಲಾಲ್ ನೆಹರೂ ಕ್ರೀಡಾಂಗಣದಲ್ಲಿ ಆಡಿತು, ಮೂರರಲ್ಲೂ ಸೋತಿತು. ಬಿಟ್ಟುಕೊಟ್ಟ ಗೋಲುಗಳು ಒಂಬತ್ತು, ಗಳಿಸಿದ್ದು ಒಂದು. ಕೊಲಂಬಿಯಾ ವಿರುದ್ಧದ ಆ ಒಂದು ಗೋಲು ಬೆಂಗಳೂರಿನ ಸಂಜೀವ್ ಸ್ಟಾಲಿನ್ ಒದ್ದ ಕಾರ್ನರ್‌ಗೆ ಜೀಕ್ಸನ್ ಸಿಂಗ್ ತಲೆಗೊಟ್ಟಾಗ ಬಂದದ್ದು. ದೇಶ ಚಪ್ಪಾಳೆ ತಟ್ಟಿತು, ತಿಂಗಳೊಳಗೆ ಮರೆಯಿತು.

ಆದರೆ ಆ ಹುಡುಗರನ್ನು ಮನೆಗೆ ಕಳುಹಿಸಲಿಲ್ಲ ಎಂಬುದೇ ಇಲ್ಲಿ ಮುಖ್ಯವಾದ ಸಂಗತಿ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ 'ಇಂಡಿಯನ್ ಆ್ಯರೋಸ್' ಎಂಬ ತನ್ನ ತರುಣರ ತಂಡವನ್ನು ಪುನರುಜ್ಜೀವನಗೊಳಿಸಿ, ಅವರಲ್ಲಿ ಹಲವರನ್ನು ಐ-ಲೀಗ್‌ನಲ್ಲಿ ವಯಸ್ಕ ವೃತ್ತಿಪರರ ಎದುರು ಇಳಿಸಿತು. 2017-18ರಲ್ಲಿ ಆ್ಯರೋಸ್ 18 ಪಂದ್ಯಗಳನ್ನಾಡಿ ಹತ್ತು ತಂಡಗಳ ಪಟ್ಟಿಯಲ್ಲಿ ಕೊನೆಯ ಸ್ಥಾನ ಪಡೆಯಿತು. ಸೋತರೂ ಕೆಳದರ್ಜೆಗೆ ಇಳಿಯುವ ಭಯ ಆ ತಂಡಕ್ಕಿರಲಿಲ್ಲ. ಸೋಲುತ್ತಲೇ ಕಲಿಯುವ ಅವಕಾಶವನ್ನು ನಿಯಮವೇ ಒದಗಿಸಿತ್ತು. ಸುರೇಶ್ ಎರಡು ಸಾಲುಗಳನ್ನು ಅಲ್ಲಿ ಕಳೆದರು.

ಮಿಡ್‌ಫೀಲ್ಡರ್‌ಗೆ ಇಂಥ ಅವಕಾಶ ಇನ್ನೂ ಅಗತ್ಯ. ಗೋಲು ಹೊಡೆಯುವವನ ಚುರುಕನ್ನು ಒಂದು ಸಂಜೆಯಲ್ಲಿ ಗುರುತಿಸಬಹುದು. ಮೈದಾನದ ನಡುವೆ ನಿಂತು ಎದುರಾಳಿಯಿಂದ ಚೆಂಡು ಕಸಿಯುವುದು, ಯಾವಾಗ ಮುನ್ನುಗ್ಗಬೇಕು, ಯಾವಾಗ ಜಾಗ ಕಾಯಬೇಕು ಎಂಬ ನಿರ್ಣಯ, ತೊಂಬತ್ತು ನಿಮಿಷ ಉಸಿರು ಕಾಯ್ದುಕೊಳ್ಳುವ ವಿದ್ಯೆ ಇವೆಲ್ಲ ಅಭ್ಯಾಸ ಶಿಬಿರದಲ್ಲಿ ಪೂರ್ತಿ ಬರುವಂಥವಲ್ಲ. ಪಂದ್ಯವೇ ಅದಕ್ಕೆ ಪಾಠಶಾಲೆ.

2019ರಲ್ಲಿ ಸುರೇಶ್, ಆಗಷ್ಟೇ ಐಎಸ್‌ಎಲ್ ಚಾಂಪಿಯನ್ ಆಗಿದ್ದ ಬೆಂಗಳೂರು ಎಫ್‌ಸಿಗೆ ಸೇರಿದರು. ಡಿಮಾಸ್ ಡೆಲ್ಗಾಡೊ, ಎರಿಕ್ ಪಾರ್ತಾಲು ಅವರಂಥ ಅನುಭವಿ ವಿದೇಶಿಯರು ತುಂಬಿದ್ದ ಮಿಡ್‌ಫೀಲ್ಡ್ ಅದು. ಆ ದಿನಗಳಲ್ಲಿ ಒಂದು ತಂಡ ಐವರು ವಿದೇಶಿಯರನ್ನು ಏಕಕಾಲಕ್ಕೆ ಆಡಿಸಬಹುದಿತ್ತು. 2021-22ರಿಂದ ಆ ಮಿತಿ ನಾಲ್ಕಕ್ಕಿಳಿಯಿತು. ಅಂಥ ಪೈಪೋಟಿಯಲ್ಲೂ ಸುರೇಶ್ ತಮ್ಮ ಸ್ಥಾನ ಗಳಿಸಿಕೊಂಡರು. 2021ರ ಮಾರ್ಚ್‌ನಲ್ಲಿ ದುಬೈಯಲ್ಲಿ ಒಮಾನ್ ವಿರುದ್ಧ ರಾಷ್ಟ್ರೀಯ ತಂಡಕ್ಕೆ ಪದಾರ್ಪಣೆ, ಅದೇ ವರ್ಷ ಫೆಡರೇಷನ್‌ನ ಉದಯೋನ್ಮುಖ ಆಟಗಾರ ಪ್ರಶಸ್ತಿ, ಅಕ್ಟೋಬರ್‌ನಲ್ಲಿ ಮಾಲೆಯಲ್ಲಿ ನಡೆದ ಸ್ಯಾಫ್ ಫೈನಲ್‌ನಲ್ಲಿ ನೇಪಾಳದ ವಿರುದ್ಧ ಗೋಲು. ಸುನಿಲ್ ಛೆಟ್ರಿ ಗೋಲು ಗಳಿಸಿದ ಮರುನಿಮಿಷವೇ ಬಂದ ಆ ಗೋಲು 3-0 ಗೆಲುವಿಗೆ ದಾರಿ ಮಾಡಿತು. ದೆಹಲಿಯ ಸೋಲುಗಳಿಂದ ಮಾಲೆಯ ಗೆಲುವಿಗೆ ಬರಲು ನಾಲ್ಕು ವರ್ಷ ಬೇಕಾದವು.

ಆ ಏಣಿಯ ಮೆಟ್ಟಿಲುಗಳು ಈಗ ಎಲ್ಲಿವೆ? ಆ್ಯರೋಸ್ ತಂಡವನ್ನು 2022ರಲ್ಲಿ ಫೆಡರೇಷನ್ ಮುಚ್ಚಿತು. ಸೋಲುವ ತಂಡಕ್ಕೆ ಹಣ ಸುರಿಯುವುದಕ್ಕಿಂತ ತರುಣರಿಗಾಗಿಯೇ ಲೀಗ್ ನಡೆಸುವುದು ಮೇಲೆಂಬ ವಾದದಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಓರಗೆಯವರೊಡನೆ ಆಡುವುದೂ ಪಳಗಿದ ವಯಸ್ಕರೊಡನೆ ಸೆಣಸುವುದೂ ಒಂದೇ ಅಲ್ಲ. 2025ರ ಜುಲೈನಲ್ಲಿ, ಫೆಡರೇಷನ್ ಮತ್ತು ವಾಣಿಜ್ಯ ಪಾಲುದಾರ ಸಂಸ್ಥೆಯ ನಡುವಿನ ಒಪ್ಪಂದ ನವೀಕರಣವಾಗದೆ ಐಎಸ್‌ಎಲ್ ನನೆಗುದಿಗೆ ಬಿತ್ತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ವೇತನವನ್ನು ಅನಿರ್ದಿಷ್ಟ ಕಾಲ ತಡೆಹಿಡಿಯುವುದಾಗಿ ಪ್ರಕಟಿಸಿತು. ಅಕ್ಟೋಬರ್‌ನಲ್ಲಿ ಭಾರತ ಸಿಂಗಪುರಕ್ಕೆ ಮಡಗಾಂವಿನಲ್ಲಿಯೇ ಸೋತು, 2027ರ ಏಷ್ಯನ್ ಕಪ್‌ನ ಅರ್ಹತೆಯಿಂದ ಹೊರಬಿತ್ತು. ಈ ಸೋಲಿಗೆ ಲೀಗ್‌ನ ಗೊಂದಲವೊಂದೇ ಕಾರಣವೆನ್ನಲಾಗದು. ಆದರೂ ಆಡಲು ಪಂದ್ಯಗಳೇ ಇಲ್ಲದ ದೇಶ ಮೈದಾನದಲ್ಲಿ ಏಕಾಏಕಿ ಬಲಗೊಳ್ಳುವುದು ಹೇಗೆ?

ಪಂದ್ಯಗಳ ಸಂಖ್ಯೆ ತಗ್ಗಿದಾಗ ಪ್ರತಿ ಅಂಕವೂ ದುಬಾರಿಯಾಗುತ್ತದೆ. ಆಗ ತರಬೇತುದಾರನು ಹತ್ತೊಂಬತ್ತರ ಹುಡುಗನನ್ನು ನಂಬುವುದಕ್ಕಿಂತ ಮೂವತ್ತರ ಅನುಭವಿಯನ್ನೇ ಇಳಿಸುವುದು ಸಹಜ. ಹೀಗೆ ಬೆಂಚಿನ ಮೇಲೆ ಕಳೆದುಹೋಗುವ ವರ್ಷ ಆಟಗಾರನ ಆಯುಷ್ಯದಲ್ಲಿ ಮರಳಿ ಬರುವುದಿಲ್ಲ.

ಮುಂಬಯಿ, ಪುಣೆ, ಚೆನ್ನೈಗಳಲ್ಲಿ ನೆಲೆಸಿರುವ ನಮ್ಮ ಅನೇಕ ಮನೆಗಳ ಮಕ್ಕಳು ಇಂದು ಫುಟ್‌ಬಾಲ್ ಅಕಾಡೆಮಿಗಳಿಗೆ ಹೋಗುತ್ತಾರೆ. ಸಮವಸ್ತ್ರ, ಶುಲ್ಕ, ಬೂಟುಗಳ ಕುರಿತು ವಿಚಾರಿಸುವ ತಂದೆತಾಯಿಗಳು ಇನ್ನೊಂದು ಪ್ರಶ್ನೆಯನ್ನೂ ಕೇಳುವುದು ಒಳಿತು: ವರ್ಷಕ್ಕೆ ನಮ್ಮ ಮಗುವಿಗೆ ಎಷ್ಟು ನಿಜವಾದ ಪಂದ್ಯಗಳು ಸಿಗುತ್ತವೆ? ಫೆಡರೇಷನ್ನನ್ನೂ ಕ್ಲಬ್‌ಗಳನ್ನೂ ಕೇಳಬೇಕಾದ ಪ್ರಶ್ನೆಯೂ ಇದೇ ಆಗಿದೆ.