ಮಜ್ಜಿಗೆ ಅಂದರೆ ನಗುವುದೇಕೆ?

ಬೆಂಗಳೂರಿನ ಒಂದು ಮೈಕ್ರೋಬ್ರೂವರಿಯಲ್ಲಿ ಬಿಯರ್ ರುಚಿ ನೋಡುವ ಸಂಜೆಗೆ ಹೋಗಿದ್ದೆ. ಎದುರಿಗೆ ಆರು ಪುಟ್ಟ ಗ್ಲಾಸು, ಒಂದು ಪೆನ್ಸಿಲ್ಲು, ಅಂಕ ಹಾಕಲು ಒಂದು ಹಾಳೆ. ನಾಲ್ಕನೆಯ ಗ್ಲಾಸಿನಲ್ಲಿದ್ದದ್ದು ಗೋಸೆ. ಜರ್ಮನಿಯ ಗೊಸ್ಲಾರ್ ಊರಿನ ಹೆಸರು ಹೊತ್ತು ಲೈಪ್‌ಜಿಗ್‌ನಲ್ಲಿ ಜನಪ್ರಿಯವಾದ ಹುಳಿ ಬಿಯರ್ ಅದು. ಅದಕ್ಕೆ ಉಪ್ಪು ಮತ್ತು ಕೊತ್ತಂಬರಿ ಬೀಜ ಹಾಕುತ್ತಾರೆ. ಏನನ್ನಿಸಿತು ಎಂದು ನಡೆಸಿಕೊಡುತ್ತಿದ್ದವರು ಕೇಳಿದರು. ‘ನೀರುಮಜ್ಜಿಗೆ’ ಅಂದೆ. ಮೇಜಿನ ಸುತ್ತ ನಗು. ‘ಲ್ಯಾಕ್ಟಿಕ್ ಟಾರ್ಟ್‌ನೆಸ್, ಸೆಲೈನ್ ಫಿನಿಶ್ ಅಂತ ಬರೀರಿ’ ಎಂದು ಅವರು ನಯವಾಗಿ ತಿದ್ದಿದರು.

ಬರೆದೆ. ಸಿಟ್ಟು ಬಂದದ್ದು ವಾಪಸ್ ಬರುವಾಗ ಮೆಟ್ರೋದಲ್ಲಿ. ಗೋಸೆಯ ಹುಳಿ ಲ್ಯಾಕ್ಟಿಕ್ ಆಮ್ಲದ್ದು, ಮಜ್ಜಿಗೆಯ ಹುಳಿಯೂ ಅದರದ್ದೇ. ಉಪ್ಪು ಎರಡರಲ್ಲೂ ಇದೆ. ಕೊತ್ತಂಬರಿ ಅಲ್ಲಿ ಬೀಜ, ಇಲ್ಲಿ ಸೊಪ್ಪು, ಅಷ್ಟೇ ವ್ಯತ್ಯಾಸ. ನನ್ನ ನಾಲಿಗೆ ತಪ್ಪಿರಲಿಲ್ಲ. ನಾನು ಹೇಳಿದ್ದು ಕನ್ನಡದಲ್ಲಿ ಎನ್ನುವುದೊಂದೇ ತಪ್ಪು.

ಅಂಕದ ಹಾಳೆಯ ಮೇಲೆ ನನಗೆ ದ್ವೇಷವಿಲ್ಲ. 1985ರಲ್ಲಿ ಅಮೆರಿಕದಲ್ಲಿ ಶುರುವಾದ ಬಿಯರ್ ತೀರ್ಪುಗಾರರ ಸಂಸ್ಥೆ ಬಿಜೆಸಿಪಿಯ ಹಾಳೆಯಲ್ಲಿ ಒಟ್ಟು 50 ಅಂಕ: ಪರಿಮಳಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಲ್ಲಿ ಕೂರುವ ಬಗೆಗೆ 5, ಒಟ್ಟಾರೆ ಅನುಭವಕ್ಕೆ 10. ಇದರಲ್ಲಿ ವಿವೇಕವಿದೆ. ಬಣ್ಣಕ್ಕೆ, ನೊರೆಗೆ ಮರುಳಾಗಬೇಡ, ಮೊದಲು ಮೂಸು, ಆಮೇಲೆ ಸಣ್ಣ ಗುಟುಕು ತೆಗೆದುಕೊ, ನಿಧಾನವಾಗಿ ಯೋಚಿಸು ಎನ್ನುತ್ತದೆ ಅದು. ಕವಿತೆ ಓದುವವರಿಗೂ ಈ ಶಿಸ್ತು ಬೇಕು. ನನ್ನ ಜಗಳ ಇರುವುದು ಆ ಹಾಳೆ ತುಂಬಲು ಬಳಸುವ ಪದಗಳಿಗೆ ಊರೇ ಇಲ್ಲ, ಅವು ಸಾರ್ವತ್ರಿಕ ಎಂಬ ನಂಬಿಕೆಯ ಜೊತೆ.

ಊರಿಲ್ಲದೆ ಏನು! ಬ್ರೆಟಾನೊಮೈಸಿಸ್ ಎಂಬ ಯೀಸ್ಟಿನ ವಾಸನೆಗೆ ಅವರಿಟ್ಟ ಹೆಸರು ‘ಕುದುರೆಯ ಕಂಬಳಿ’. ಬಿಸಿಲಿಗೆ ಸಿಕ್ಕಿ ಕೆಟ್ಟ ಬಿಯರಿಗೆ ‘ಸ್ಕಂಕಿ’ ಎನ್ನುತ್ತಾರೆ. ಸ್ಕಂಕ್ ಅಮೆರಿಕ ಖಂಡಗಳ ಪ್ರಾಣಿ, ನಮ್ಮ ಕಾಡಿನಲ್ಲಿ ಅದಿಲ್ಲ. ಅದನ್ನು ಒಮ್ಮೆಯೂ ಮೂಸದವರು ಇಂದಿರಾನಗರದಲ್ಲಿ ಕೂತು ಗಂಭೀರವಾಗಿ ‘ಸ್ಕಂಕಿ’ ಎಂದು ಬರೆಯುತ್ತಾರೆ; ಯಾರೂ ನಗುವುದಿಲ್ಲ. ಇನ್ನು ಐಪಿಎ. ಹೆಸರಿನಲ್ಲೇ ಇಂಡಿಯಾ ಇರುವ ಈ ಬಿಯರಿನ ಅಮೆರಿಕನ್ ಬಗೆಯನ್ನು ವರ್ಣಿಸುವಾಗ ತಪ್ಪದೆ ಬರುವ ಪದ ‘ಗ್ರೇಪ್‌ಫ್ರೂಟ್’. ಗ್ರೇಪ್‌ಫ್ರೂಟ್ ಹುಟ್ಟಿದ್ದೇ ಚಕ್ಕೋತ ಮತ್ತು ಕಿತ್ತಳೆಯ ಬೆರಕೆಯಿಂದ. ಭೌಗೋಳಿಕ ಸೂಚಕ ಪಡೆದ ದೇವನಹಳ್ಳಿ ಚಕ್ಕೋತ ಇದೇ ಬೆಂಗಳೂರಿನ ಪಕ್ಕದ್ದು. ಅಪ್ಪನನ್ನು ಮನೆಯಲ್ಲಿ ಕೂರಿಸಿಕೊಂಡು, ಕಂಡಿರದ ಮಗನ ಹೆಸರಿನಿಂದ ಅವನ ಗುರುತು ಹೇಳುತ್ತಿದ್ದೇವೆ.

ಕನ್ನಡದಲ್ಲಿ ಪದವಿಲ್ಲ ಎನ್ನುವವರು ಕಹಿಯನ್ನೇ ತೆಗೆದುಕೊಳ್ಳಲಿ. ಐಬಿಯು ಎಂಬ ಅಳತೆ ಒಂದು ಲೀಟರಿನಲ್ಲಿ ಹಾಪ್ಸ್ ಹೂವಿನ ಕಹಿ ಎಷ್ಟು ಮಿಲಿಗ್ರಾಂ ಇದೆ ಎಂದು ಸುಮಾರಾಗಿ ಹೇಳುತ್ತದೆ. ಎಂಥ ಕಹಿ ಎಂದು ಹೇಳುವುದಿಲ್ಲ. ಹಾಗಲದ ಕಹಿ ಮುಂದೆ ಬರುತ್ತದೆ, ಮೆಂತ್ಯದ್ದು ತಡವಾಗಿ ಬಂದು ಕೂರುತ್ತದೆ, ಬೇವಿನದು ಗಂಟಲು ಬಿಡುವುದಿಲ್ಲ, ಫಿಲ್ಟರ್ ಕಾಫಿಯದು ಇನ್ನೊಂದು ಗುಟುಕು ಕೇಳುತ್ತದೆ. ಒಗರು, ಕಮಟು, ಘಾಟು, ಸೊಗಡು ಎನ್ನುವಾಗ ಒಂದೊಂದೂ ಬೇರೆ ಬೇರೆ. ಜರ್ಮನಿಯ ಗೋಧಿ ಬಿಯರಿನಲ್ಲಿ ಯೀಸ್ಟಿನಿಂದಾಗಿ ಲವಂಗ, ಬಾಳೆಹಣ್ಣಿನ ವಾಸನೆ ಬರುತ್ತದೆ. ಹಾಳೆಯಲ್ಲಿ ‘ಬನಾನಾ’ ಎಂದು ಬರೆದರೆ ಮುಗಿಯಿತು. ಯಾಲಕ್ಕಿಯೋ, ಪಚ್ಚಬಾಳೆಯೋ, ನಂಜನಗೂಡಿನ ರಸಬಾಳೆಯೋ ಎಂದು ಕೇಳುವುದು ಕನ್ನಡದ ಮೂಗು.

ಹಾಗೆಂದು ಎಲ್ಲವನ್ನೂ ಅಜ್ಜಿಯ ಅಡುಗೆಮನೆಯಿಂದಲೇ ತರಬೇಕೆಂದಲ್ಲ. ಡೈಅಸಿಟೈಲ್ ಹೆಚ್ಚಾದ ಬಿಯರಿಗೆ ಬೆಣ್ಣೆಯ ವಾಸನೆ ಎನ್ನುತ್ತಾರೆ. ಕಡೆದ ಬೆಣ್ಣೆಗಿಂತ ಮಾಲ್‌ನ ಪಾಪ್‌ಕಾರ್ನ್ ಅದಕ್ಕೆ ಹತ್ತಿರ. ಸರಿ, ಪಾಪ್‌ಕಾರ್ನ್ ಎಂದೇ ಬರೆಯೋಣ, ಅದೂ ನಮ್ಮ ನೆನಪೇ. ಬ್ರೂವರ್‌ಗಳಿಗೆ ರಾಸಾಯನಿಕದ ಹೆಸರು ಬೇಕು, ಇರಲಿ. ಆದರೆ ಆ ಹೆಸರು ಯಾವುದನ್ನು ಸೂಚಿಸುತ್ತದೆ ಎಂದು ತಿಳಿಯಲು ಕುಡಿಯುವವರಿಗೆ ಬೇಕಾದದ್ದು ತಾವೇ ಮೂಸಿದ ಒಂದು ವಸ್ತು.

ಇಷ್ಟು ಹೇಳಿ ಬ್ರೂವರಿಯವರನ್ನಷ್ಟೇ ಬೈದರೆ ಮೋಸವಾಗುತ್ತದೆ. ನಾವು ಸಾಹಿತ್ಯದವರು ಏನು ಮಾಡಿದ್ದೇವೆ? ಜಿ.ಪಿ. ರಾಜರತ್ನಂ ಅವರ ‘ರತ್ನನ ಪದಗಳು’ ಹೆಂಡ ಕುಡಿಯುವವನೊಬ್ಬನ ಬಾಯಿಗೆ ಕಾವ್ಯ ಕೊಟ್ಟಿತು. ಆದರೆ ನಾನು ಓದಿದ ಮಟ್ಟಿಗೆ, ನಮ್ಮ ಕಥೆ ಕಾದಂಬರಿಗಳಲ್ಲಿ ಹೆಂಡ ಬರುವುದು ಒಂದೋ ತಮಾಷೆಗೆ, ಇಲ್ಲವೇ ಮನೆ ಹಾಳಾಗಲಿಕ್ಕೆ. ಅದರ ರುಚಿ ಹೇಗಿತ್ತು ಎಂದು ಯಾರೂ ನಿಂತು ಹೇಳುವುದಿಲ್ಲ. ಬೆಳಗಿನ ಸಿಹಿ ರಸ ಹೊತ್ತೇರಿದಂತೆ ಹುಳಿಯಾಗುವುದು, ಈಚಲಿನದಕ್ಕೂ ತೆಂಗಿನದಕ್ಕೂ ಇರುವ ಅಂತರ, ಇವೆಲ್ಲ ಮರ ಹತ್ತಿದ ಈಡಿಗರಿಗೆ, ಬಿಲ್ಲವರಿಗೆ ಗೊತ್ತಿತ್ತು. ಅವರ ಕೈಗೆ ಯಾರೂ ಅಂಕದ ಹಾಳೆ ಕೊಡಲಿಲ್ಲ. ಮಡಕೆಯಲ್ಲಿ ಹುಳಿ ಬಂದರೆ ಚಟ, ಕಾಲಿರುವ ಗ್ಲಾಸಿನಲ್ಲಿ ಹುಳಿ ಬಂದರೆ ಅಭಿರುಚಿ! ಈ ಲೆಕ್ಕ ಹಾಕಿದ್ದು ನಾಲಿಗೆಯಲ್ಲ, ಜಾತಿ ಮತ್ತು ಜೇಬು.

ಕುಡಿತದಿಂದ ಮುರಿದ ಮನೆಗಳಿವೆ, ನಿಜ. ಅದರ ವಿರುದ್ಧ ಬೀದಿಗಿಳಿದ ಹೆಣ್ಣುಮಕ್ಕಳ ಎದುರು ನಾನು ವಾದಿಸಲಾರೆ. ಯಾರನ್ನೂ ಕುಡಿಯಿರಿ ಎಂದೂ ಹೇಳುತ್ತಿಲ್ಲ. ಆದರೆ ಕುಡಿಯುವವರು ಕುಡಿಯುತ್ತಲೇ ಇದ್ದಾರೆ. ಅವರು ತಮ್ಮ ನಾಲಿಗೆಗೆ ತಿಳಿದದ್ದನ್ನು ತಮ್ಮ ಮಾತಿನಲ್ಲಿ ಹೇಳಲು ನಾಚುವಂತಾಗಿದೆಯಲ್ಲ, ಅದು ನನ್ನ ತಕರಾರು. ಇವತ್ತು ಬಿಯರಿಗೆ ಆದದ್ದು ಕಾಫಿಗೂ ಚಾಕೊಲೇಟಿಗೂ ಆಗುತ್ತಿದೆ. ಅನುಭವ ನಮ್ಮದು, ವಿವರಣೆ ಬಾಡಿಗೆಯದು ಎಂದು ಒಪ್ಪಿಕೊಂಡ ಭಾಷೆಯಲ್ಲಿ ಕೊನೆಗೆ ವಿಮರ್ಶೆಯೂ ಉಳಿಯುವುದಿಲ್ಲ.

ಮುಂದಿನ ಸಲ ಹಾಳೆ ಸಿಕ್ಕರೆ ನಾನು ಕನ್ನಡದಲ್ಲೇ ತುಂಬುತ್ತೇನೆ. ನಗುವವರು ನಗಲಿ. ಅದಕ್ಕೆ ಮೊದಲು ಇನ್ನೊಂದು ಗುಟುಕು ಕುಡಿದು, ಅದರಲ್ಲಿ ಮಜ್ಜಿಗೆ ಇಲ್ಲವೆಂದು ತೋರಿಸಲಿ.