ಕ್ರೀಡಾಪಟುವಿನ ದಿನಕ್ಕೆ ಎಷ್ಟು ಮಂದಿ ಯಜಮಾನರು?

ಬಹುಮಾನ ವಿತರಣೆಯ ದಿನ ವೇದಿಕೆಯಲ್ಲಿ ತಪ್ಪದೆ ಕೇಳಿಬರುವ ಮಾತೊಂದಿದೆ: ಕ್ರೀಡೆ ಮಕ್ಕಳಿಗೆ ಶಿಸ್ತು ಕಲಿಸುತ್ತದೆ. ಮರುದಿನ ತರಗತಿಯಲ್ಲಿ ಕೇಳುವ ಮಾತು ಬೇರೆ: ಈ ಸ್ಪೋರ್ಟ್ಸ್‌ನವರದ್ದು ಒಂದು ಕೆಲಸವೂ ಹೊತ್ತಿಗೆ ಸರಿಯಾಗಿ ಆಗುವುದಿಲ್ಲ. ಎರಡನ್ನೂ ಹೇಳುವವರು ನಮ್ಮ ಒಳ್ಳೆಯದನ್ನೇ ಬಯಸುವವರು. ಆದರೆ ಬೆಳಿಗ್ಗೆ 6 ಗಂಟೆಗೆ ಮೈದಾನದಲ್ಲಿ ನಿಂತಿರುವ ಹುಡುಗಿಯೇ 10 ಗಂಟೆಗೆ ರೆಕಾರ್ಡ್ ಬುಕ್ ಇಲ್ಲದೆ ಲ್ಯಾಬ್ ಹೊರಗೆ ಯಾಕೆ ನಿಂತಿರುತ್ತಾಳೆ ಎಂದು ಯಾರೂ ಯೋಚಿಸಿದ ಹಾಗೆ ಕಾಣುವುದಿಲ್ಲ. ಅವಳಿಗೆ ಸೋಮಾರಿತನ ಇದ್ದಿದ್ದರೆ 6 ಗಂಟೆಗೆ ಹಾಸಿಗೆಯಲ್ಲಿ ಇರುತ್ತಿದ್ದಳು.

ನಾನು ದ್ವಿತೀಯ ಪಿಯು ವಿಜ್ಞಾನ ವಿಭಾಗದವಳು. 800 ಮತ್ತು 1500 ಮೀಟರ್ ಓಡುತ್ತೇನೆ. ನಮ್ಮ ಕಾಲೇಜಿನಲ್ಲಿ ಕಬಡ್ಡಿ, ವಾಲಿಬಾಲ್, ಅಥ್ಲೆಟಿಕ್ಸ್ ಎಲ್ಲ ಸೇರಿ ಅಭ್ಯಾಸಕ್ಕೆ ಬರುವವರ ಪಾಡು ಹೆಚ್ಚು ಕಡಿಮೆ ಒಂದೇ. ನಮಗೆ ಸಿಗುವ ಸಲಹೆಯೂ ಒಂದೇ: "ಟೈಮ್ ಟೇಬಲ್ ಹಾಕಿಕೊಳ್ಳಿ." ಟೈಮ್ ಟೇಬಲ್ ಹಾಕುವುದು ಕಷ್ಟವಲ್ಲ. ಬಣ್ಣದ ಪೆನ್ನಿನಲ್ಲಿ ಗೆರೆ ಎಳೆದು ಗೋಡೆಗೆ ಅಂಟಿಸಿದ ಟೈಮ್ ಟೇಬಲ್ ನಮ್ಮೆಲ್ಲರ ಮನೆಯಲ್ಲೂ ಇದೆ. ಅದು ನಿಲ್ಲುವುದಿಲ್ಲ, ಏಕೆಂದರೆ ಅದರ ಒಂದೊಂದು ತುಂಡಿಗೂ ಒಬ್ಬೊಬ್ಬ ಯಜಮಾನರಿದ್ದಾರೆ. ಮುಂಜಾನೆ ಪಿ.ಟಿ. ಸರ್‌ದು. ಹಗಲು ಉಪನ್ಯಾಸಕರದ್ದು. ಸಂಜೆ ಟ್ಯೂಷನ್‌ನವರದ್ದು. ಉಳಿದದ್ದು ಮನೆಯದ್ದು, ಬಸ್ಸಿನದ್ದು. ಯಾರೂ ಇನ್ನೊಬ್ಬರ ಪಟ್ಟಿ ನೋಡುವುದಿಲ್ಲ. ಎಲ್ಲರ ನಡುವೆ ಸುದ್ದಿ ಹೊರುವ ಕೆಲಸ ಮಾತ್ರ ನಮ್ಮದು.

ಚೀಲದ ವಿಷಯವನ್ನೇ ತೆಗೆದುಕೊಳ್ಳಿ. ಹೊರಗಿನವರಿಗೆ ಇದು ಸಣ್ಣ ಸಂಗತಿ ಅನಿಸಬಹುದು, ಆದರೆ ನಮ್ಮ ಅರ್ಧ ತಲೆಬಿಸಿ ಅದರಲ್ಲೇ ಇದೆ. ಬೇರೆಯವರ ಚೀಲದಲ್ಲಿ ಪುಸ್ತಕ, ಬುತ್ತಿ, ನೀರು. ನಮ್ಮದರಲ್ಲಿ ಅದರ ಜೊತೆಗೆ ಸ್ಪೈಕ್ಸ್, ಟ್ರ್ಯಾಕ್ ಪ್ಯಾಂಟ್, ಇನ್ನೊಂದು ಶಾಲು, ಟವೆಲ್, ಬೆವರಿನ ಬಟ್ಟೆಗೆ ಪ್ಲಾಸ್ಟಿಕ್ ಚೀಲ, ಅಭ್ಯಾಸ ಮುಗಿದ ಮೇಲೆ ತಿನ್ನಲು ಮೊಟ್ಟೆ, ಬಾಳೆಹಣ್ಣು. ಮಳೆಗಾಲ ಬಂದರೆ ಕೇಳುವುದೇ ಬೇಡ. ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೂ ಒಣಗುವುದೆಂದರೆ ಒಂದು ಯೋಜನೆಯೇ. ಹಳೆ ಪತ್ರಿಕೆ ಉಂಡೆ ಮಾಡಿ ಒಳಗೆ ತುರುಕಿ, ಒಲೆಯ ಬದಿಯಲ್ಲಿಟ್ಟು, ರಾತ್ರಿ ಒಮ್ಮೆ ಪತ್ರಿಕೆ ಬದಲಿಸಬೇಕು. ಒದ್ದೆ ಶೂ, ಭೌತಶಾಸ್ತ್ರದ ರೆಕಾರ್ಡ್ ಎರಡೂ ಒಂದೇ ಚೀಲದಲ್ಲಿ ಬಸ್ಸಿನ ನೂಕುನುಗ್ಗಲಲ್ಲಿ ಬರುವಾಗ ರೆಕಾರ್ಡ್‌ನ ಗತಿ ಏನು ಎಂದು ನೀವೇ ಊಹಿಸಿ. ಪ್ರಾಯೋಗಿಕ ವಿಷಯಗಳಲ್ಲಿ 30 ಅಂಕ ಲ್ಯಾಬಿನ ಕಡೆಯಿಂದ ಬರುವಾಗ ಅದನ್ನು ಮನೆಯಲ್ಲೇ ಬಿಟ್ಟು ಬರುವುದು ಜಾಣತನ ಎಂದು ವಾದಿಸುವ ಗೆಳತಿಯೂ ನನಗಿದ್ದಾಳೆ.

ಇನ್ನು ನಿದ್ದೆ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು ಎನ್ನುತ್ತಾರೆ ತಜ್ಞ ವೈದ್ಯರು. ಸುಬ್ಹಿಗೆ ಎದ್ದು, 6ಕ್ಕೆ ಮೈದಾನ ತಲುಪುವವಳು ಈ ಲೆಕ್ಕಕ್ಕೆ ರಾತ್ರಿ 9ಕ್ಕೆ ಮಲಗಬೇಕು. 9ಕ್ಕೆ ನಮ್ಮ ಮನೆಯಲ್ಲಿ ಊಟದ ತಟ್ಟೆ ಹಾಕುವ ಹೊತ್ತು. ಹೋಮ್‌ವರ್ಕ್ ಆಮೇಲೆ. 400 ಮೀಟರನ್ನು ಆರು ಬಾರಿ, ನಡುವೆ ಗಡಿಯಾರ ನೋಡಿಕೊಂಡು ವಿಶ್ರಾಂತಿ ಪಡೆದು ಓಡಿದ ದಿನ ಮಧ್ಯಾಹ್ನದ ಮೊದಲ ಪೀರಿಯಡ್‌ನಲ್ಲಿ ಕಣ್ಣು ಎಳೆಯುವುದು ಪಾಠದ ಮೇಲಿನ ಅಗೌರವದಿಂದ ಅಲ್ಲ. ಮರೆವು ಎಂದು ನಾವು ಬೈಸಿಕೊಳ್ಳುವುದರಲ್ಲಿ ಎಷ್ಟೋ ಪಾಲು ನಿದ್ದೆಗೇಡು ಎಂದು ನನ್ನ ನಂಬಿಕೆ.

ಹುಡುಗಿಯರ ವಿಷಯದಲ್ಲಿ ಇನ್ನೊಂದು ಮಾತು. ನನ್ನ ತಮ್ಮ ಕ್ರಿಕೆಟ್ ಆಡಿ ಮನೆಗೆ ಬಂದರೆ "ದಣಿದಿದ್ದಾನೆ, ಮಲಗಲಿ". ನಾನು ಓಡಿ ಬಂದರೆ "ಬಂದೆಯಾ? ಸ್ವಲ್ಪ ಹಿಟ್ಟು ಕಲಸು". ಉಮ್ಮನನ್ನು ದೂರುತ್ತಿಲ್ಲ. ಸಂಬಂಧಿಕರೆಲ್ಲ ಬೇಡ ಎಂದಾಗ ನನಗೆ ಸ್ಪೈಕ್ಸ್ ತೆಗೆಸಿಕೊಟ್ಟವರು ಅವರೇ. ಆದರೆ ದಣಿವಿಗೂ ಗಂಡು ಹೆಣ್ಣು ಎಂಬ ಭೇದ ಮಾಡುವ ಮನೆಗಳು ನಮ್ಮಲ್ಲಿ ಇನ್ನೂ ಇವೆ, ಇದನ್ನು ಓದುವ ತಮ್ಮಂದಿರು ಹಿಟ್ಟು ಕಲಸಿದರೆ ಅವರ ಬ್ಯಾಟಿಂಗ್ ಕೆಡುವುದಿಲ್ಲ.

ಐದು ಹೊತ್ತಿನ ನಮಾಝ್, ಅದರ ಮೇಲೆ ಅಭ್ಯಾಸ, ಅದರ ಮೇಲೆ ಪಿಸಿಎಂಬಿ, ಹೇಗೆ ಸಾಧ್ಯ ಎಂದು ಬೇರೆ ಕಾಲೇಜಿನ ಓಟಗಾರ್ತಿಯೊಬ್ಬಳು ಕೂಟವೊಂದರಲ್ಲಿ ಕೇಳಿದ್ದಳು. ನನ್ನ ಅನುಭವ ತಿರುಗುಮುರುಗು. ನನ್ನ ದಿನದಲ್ಲಿ ಯಾರೂ ಬದಲಿಸಲಾಗದ ಗಂಟೆಗಳು ಅವು ಮಾತ್ರ. ಉಳಿದದ್ದನ್ನು ಅವುಗಳಿಗೆ ನೇತುಹಾಕಬಹುದು. ಸುಬ್ಹಿ ಆದ ಕೂಡಲೇ ಚೀಲ ನೋಡುವುದು, ಅಸರ್ ಆದ ಮೇಲೆ ಸಂಜೆಯ ಅಭ್ಯಾಸ, ಇಶಾ ಮುಗಿಸಿ ನಾಳೆಯ ಬಟ್ಟೆ ಇಡುವುದು. ಮಗ್ರಿಬ್ ಜುಲೈಯಲ್ಲಿ 7 ಗಂಟೆ ದಾಟುತ್ತದೆ, ನವೆಂಬರ್‌ನಲ್ಲಿ 6ಕ್ಕೇ ಬರುತ್ತದೆ. ಕೂಟಗಳು ಹತ್ತಿರ ಬರುವ ಕಾಲಕ್ಕೇ ಸಂಜೆಯ ಅಭ್ಯಾಸಕ್ಕೆ ಒಂದು ಗಂಟೆ ಕಡಿಮೆ ಸಿಗುತ್ತದೆ ಎಂಬ ಲೆಕ್ಕ ಮೊದಲೇ ಗೊತ್ತಿದ್ದರೆ ಗಡಿಬಿಡಿ ಇಲ್ಲ.

ರಮಝಾನ್ ಕೂಡ ಹಾಗೆಯೇ. ಅದು ವರ್ಷಕ್ಕೆ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತದೆ. ಹೇಳದೆ ಕೇಳದೆ ಬರುವ ಅತಿಥಿಯಲ್ಲ. 2025ರಲ್ಲಿ ದ್ವಿತೀಯ ಪಿಯು ಪರೀಕ್ಷೆ-1 ಮಾರ್ಚ್ 1ಕ್ಕೆ ಶುರುವಾಯಿತು, ಉಪವಾಸವೂ ಅದೇ ಹೊತ್ತಿಗೆ. 2012ರ ಲಂಡನ್ ಒಲಿಂಪಿಕ್ಸ್ ಪೂರ್ತಿ ನಡೆದದ್ದು ರಮಝಾನ್ ತಿಂಗಳಿನಲ್ಲಿ; ಮೊ ಫರಾ 10,000 ಮತ್ತು 5,000 ಮೀಟರ್ ಎರಡರಲ್ಲೂ ಚಿನ್ನ ಗೆದ್ದದ್ದು ಅಲ್ಲೇ. ದೊಡ್ಡ ಕೂಟ ಎದುರಿಗಿದ್ದಾಗ ಉಪವಾಸದ ವಿಷಯದಲ್ಲಿ ಏನು ಮಾಡಬೇಕೆಂಬುದು ಅವರವರಿಗೂ ಅವರು ಕೇಳುವ ಉಸ್ತಾದರಿಗೂ ಬಿಟ್ಟದ್ದು, ಅದರಲ್ಲಿ ನಾನು ಬಾಯಿ ಹಾಕುವುದಿಲ್ಲ. ಆದರೆ ಆ ತಿಂಗಳಲ್ಲಿ ಅಭ್ಯಾಸ ಎಷ್ಟು, ಯಾವ ಹೊತ್ತಿಗೆ ಎಂಬುದನ್ನು ಚಂದ್ರ ಕಂಡ ರಾತ್ರಿ ವಾಟ್ಸ್ಆ್ಯಪ್‌ನಲ್ಲಿ ತೀರ್ಮಾನಿಸಬೇಕಾದ ಅಗತ್ಯವಿಲ್ಲ. ಜನವರಿಯಲ್ಲೇ ಕೂತು ಮಾತಾಡಬಹುದು.

ಎಲ್ಲಕ್ಕಿಂತ ಕಷ್ಟದ್ದು ಒ.ಡಿ. ವ್ಯವಹಾರ. ತಾಲೂಕು, ಜಿಲ್ಲಾ ಕೂಟಗಳು ಕಿರುಪರೀಕ್ಷೆಗಳ ಆಸುಪಾಸಿನಲ್ಲೇ ಬರುತ್ತವೆ. ಕಾಲೇಜಿನ ಹೆಸರಿನಲ್ಲೇ ಓಡಲು ಹೋದವಳು ಮರಳಿ ಬಂದು, ಆರು ವಿಷಯಗಳ ಉಪನ್ಯಾಸಕರ ಹತ್ತಿರ ಒಂದೇ ಚೀಟಿ ಹಿಡಿದು ಆರು ಬಾರಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಲ್ಲಬೇಕು. ಒಬ್ಬರು ರಜೆಯಲ್ಲಿದ್ದರೆ ಆ ಹಾಜರಾತಿ ಅಲ್ಲಿಗೇ ನಿಲ್ಲುತ್ತದೆ. ಶೇ. 75 ಹಾಜರಾತಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಲು ಬಿಡುವುದಿಲ್ಲ ಎಂಬ ಭಯ ನಮಗೂ ಇದೆ. ಕರೆದುಕೊಂಡು ಹೋದ ಪಿ.ಟಿ. ಸರ್ ಬಳಿಯೇ ಹೆಸರುಗಳ ಪಟ್ಟಿ ಇರುವಾಗ ಅದು ನೇರವಾಗಿ ಕಚೇರಿಗೆ ಹೋಗಬಾರದೇಕೆ?

"ಆಟದವರಿಗೆ ವಿನಾಯಿತಿ ಕೊಟ್ಟರೆ ಉಳಿದವರೂ ಕೇಳುತ್ತಾರೆ" ಎಂಬ ಮಾತು ಬರುತ್ತದೆಂದು ಗೊತ್ತು. ನಾನು ಕೇಳುತ್ತಿರುವುದು ವಿನಾಯಿತಿಯಲ್ಲ. ರೆಕಾರ್ಡ್ ಬರೆಯುತ್ತೇವೆ, ಕಿರುಪರೀಕ್ಷೆ ಬರೆಯುತ್ತೇವೆ. ಕೂಟದ ತಾರೀಕು, ಲ್ಯಾಬ್ ತಾರೀಕು, ಪರೀಕ್ಷೆ ತಾರೀಕು ಮೂರೂ ಒಂದೇ ಹಾಳೆಯಲ್ಲಿ ನೋಟಿಸ್ ಬೋರ್ಡಿನಲ್ಲಿ ಇರಲಿ ಎನ್ನುತ್ತೇನೆ. ಎರಡು ಒಂದರ ಮೇಲೊಂದು ಬಿದ್ದದ್ದು ಆಗ ಎಲ್ಲರಿಗೂ ಕಾಣುತ್ತದೆ, ನಮಗೊಬ್ಬರಿಗೇ ಅಲ್ಲ.

ಮತ್ತೊಂದು ಕೇಳಿಕೆ ಇನ್ನೂ ಸುಲಭದ್ದು. ಆಟದ ಕೋಣೆಯ ಮೂಲೆಯಲ್ಲಿ ಕಬ್ಬಿಣದ ಕಪಾಟೊಂದು ಇದೆ. ಒಳಗೆ ಗಾಳಿ ಹೋದ ನಾಲ್ಕು ಚೆಂಡು, ಹರಿದ ನೆಟ್ ಬಿಟ್ಟರೆ ಏನೂ ಇಲ್ಲ. ಅದನ್ನು ಖಾಲಿ ಮಾಡಿಕೊಟ್ಟರೆ ಹನ್ನೆರಡು ಜೊತೆ ಶೂ ಹಿಡಿಯುತ್ತದೆ, ನಾವು ಅಳೆದು ನೋಡಿದ್ದೇವೆ. ಗುಡಿಸಿ ಒರೆಸುವ ಕೆಲಸ ನಮ್ಮದು, ಬೀಗದ ಕೈ ಪಿ.ಟಿ. ಸರ್ ಹತ್ತಿರವೇ ಇರಲಿ.