ಫುಲ್ ಫ್ರೇಮ್ ಕ್ಯಾಮೆರಾ ಇದ್ದರೆ ಫೋಟೊ ಚೆನ್ನಾಗಿ ಬಂದೇ ಬರುತ್ತಾ? ಸೆನ್ಸಾರ್ ಗಾತ್ರದ ಅಸಲಿ ಲೆಕ್ಕ

ಕ್ಯಾಮೆರಾ ಕೊಳ್ಳಬೇಕು ಎಂದು ಗ್ರೂಪಿನಲ್ಲಿ ಒಂದು ಮೆಸೇಜ್ ಹಾಕಿ ನೋಡಿ. ‘ಫುಲ್ ಫ್ರೇಮೇ ತಗೊಳ್ಳಿ, ಕ್ರಾಪ್ ಸೆನ್ಸಾರ್ ಏನಿದ್ದರೂ ಕಲಿಯುವವರಿಗೆ’ ಎಂಬ ಉತ್ತರ ಬರಲು ಹೆಚ್ಚು ಹೊತ್ತು ಬೇಕಿಲ್ಲ. ಈ ಮಾತಿನಲ್ಲಿ ಸ್ವಲ್ಪ ನಿಜವಿದೆ, ಸ್ವಲ್ಪ ಬರೀ ನಂಬಿಕೆ. ಎರಡನ್ನೂ ಬೇರೆ ಮಾಡದೆ ಕಂತಿನಲ್ಲಿ ಕ್ಯಾಮೆರಾ ತಂದು, ಕೊನೆಗೆ ಲೆನ್ಸಿಗೆ ದುಡ್ಡು ಸಾಲದೆ ಕೂರುವ ಹೊಸ ಸ್ಟುಡಿಯೊದವರಿಗೆ ಇದು ಹೊಟ್ಟೆಪಾಡಿನ ಪ್ರಶ್ನೆ.

ಹಾಗಾಗಿ ಇದನ್ನು ಒಂದು ಊರಿನ ಲೆಕ್ಕದಲ್ಲೇ ನೋಡೋಣ. ಸಮೀರವಾಡಿ ಸಕ್ಕರೆ ಕಾರ್ಖಾನೆಯ ಸುತ್ತಲಿನ ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯಲ್ಲಿ ಕ್ಯಾಮೆರಾಕ್ಕೆ ನಾನಾ ಬಗೆಯ ಕೆಲಸವಿದೆ. ಕಲ್ಯಾಣ ಮಂಟಪದ ಮದುವೆ, ಆಲಮಟ್ಟಿ ಹಿನ್ನೀರಿನ ಹಕ್ಕಿ, ಓಡುವ ಮುಧೋಳ ನಾಯಿ, ಬನಹಟ್ಟಿಯ ಸೀರೆ. ಈ ನಾಲ್ಕಕ್ಕೂ ಒಂದೇ ಕ್ಯಾಮೆರಾ ಉತ್ತರವೇ?

ಒಂದೇ ಬೆಲೆ, ಎರಡು ಸೆನ್ಸಾರ್

ಉದಾಹರಣೆಗೆ ಕ್ಯಾನನ್ ಕಂಪನಿಯ ಎರಡು ಮಿರರ್‌ಲೆಸ್ ಕ್ಯಾಮೆರಾ ತೆಗೆದುಕೊಳ್ಳೋಣ. ಇಒಎಸ್ ಆರ್7 ಬಂದದ್ದು 2022ರಲ್ಲಿ, ಇಒಎಸ್ ಆರ್8 ಬಂದದ್ದು 2023ರಲ್ಲಿ. ಅಮೆರಿಕದಲ್ಲಿ ಬಿಡುಗಡೆಯಾದಾಗ ಲೆನ್ಸ್ ಇಲ್ಲದ ಬಾಡಿಯ ಬೆಲೆ ಎರಡಕ್ಕೂ 1,499 ಡಾಲರ್. ಆರ್7ರಲ್ಲಿರುವುದು ಎಪಿಎಸ್-ಸಿ ಎಂಬ ಚಿಕ್ಕ ಸೆನ್ಸಾರ್. ಅಗಲ 22.3 ಮಿ.ಮೀ., ಎತ್ತರ 14.8 ಮಿ.ಮೀ., ಒಟ್ಟು 32.5 ಮೆಗಾಪಿಕ್ಸೆಲ್. ಆರ್8ರಲ್ಲಿರುವುದು ಫುಲ್ ಫ್ರೇಮ್. ಹೆಚ್ಚುಕಡಿಮೆ 36×24 ಮಿ.ಮೀ., ಒಟ್ಟು 24.2 ಮೆಗಾಪಿಕ್ಸೆಲ್.

‘ಫುಲ್’ ಎಂಬ ಹೆಸರು ಕೇಳಿ ಉಳಿದದ್ದೆಲ್ಲ ಅರೆಬರೆ ಎಂದುಕೊಳ್ಳಬೇಡಿ. 1925ರಲ್ಲಿ ಮಾರುಕಟ್ಟೆಗೆ ಬಂದ ಲೈಕಾ ಕ್ಯಾಮೆರಾ ಸಿನಿಮಾ ಫಿಲ್ಮಿನ ಎರಡು ಚೌಕಟ್ಟು ಸೇರಿಸಿ 36×24 ಮಿ.ಮೀ. ಅಳತೆಯನ್ನು ಜನಪ್ರಿಯ ಮಾಡಿತು. ಆ ಹಳೆಯ ಫಿಲ್ಮಿನ ಅಳತೆಗೇ ಇಂದು ಫುಲ್ ಫ್ರೇಮ್ ಎನ್ನುತ್ತೇವೆ. ಅದಕ್ಕಿಂತ ದೊಡ್ಡ ಸೆನ್ಸಾರ್‌ಗಳೂ ಇವೆ. ಫ್ಯೂಜಿಫಿಲ್ಮ್ ಜಿಎಫ್‌ಎಕ್ಸ್ ಕ್ಯಾಮೆರಾಗಳಲ್ಲಿ ಸುಮಾರು 44×33 ಮಿ.ಮೀ. ಸೆನ್ಸಾರ್ ಇದೆ.

ದೊಡ್ಡ ಸೆನ್ಸಾರಿನ ನಿಜವಾದ ಲಾಭ

ಮಳೆ ಬರುವಾಗ ಅಂಗಳದಲ್ಲಿ ಒಂದು ಪರಾತ, ಒಂದು ತಾಟು ಇಟ್ಟರೆ ಪರಾತದಲ್ಲಿ ಹೆಚ್ಚು ನೀರು ಸಿಗುತ್ತದೆ. ಮಳೆ ಎರಡರ ಮೇಲೂ ಒಂದೇ ಸಮ. ಬಾಯಿ ಅಗಲ ಎಂಬುದಷ್ಟೇ ವ್ಯತ್ಯಾಸ. ಸೆನ್ಸಾರಿನದೂ ಇದೇ ಕತೆ. ಆರ್8ರ ಸೆನ್ಸಾರಿನ ವಿಸ್ತೀರ್ಣ ಸುಮಾರು 860 ಚದರ ಮಿ.ಮೀ., ಆರ್7ರದು 330. ಅಪರ್ಚರ್ ಮತ್ತು ಶಟರ್ ವೇಗ ಒಂದೇ ಇದ್ದರೆ ದೊಡ್ಡದು ಒಟ್ಟು 2.6 ಪಟ್ಟು ಬೆಳಕು ಹಿಡಿಯುತ್ತದೆ.

ಬೆಳಕು ಹೆಚ್ಚಾದರೆ ಏನು ಲಾಭ? ಬೆಳಕು ಫೋಟಾನ್ ಎಂಬ ಕಣಗಳಾಗಿ, ಮಳೆ ಹನಿಯಂತೆ ಅಲ್ಲೊಂದು ಇಲ್ಲೊಂದು ಬೀಳುತ್ತದೆ. ಸರಾಸರಿ 100 ಫೋಟಾನ್ ಬೀಳುವ ಜಾಗದಲ್ಲಿ ಸುಮಾರು 10ರಷ್ಟು ಏರುಪೇರು ಇರುತ್ತದೆ, ಅಂದರೆ ಶೇ 10. ಸರಾಸರಿ 10,000 ಬೀಳುವಲ್ಲಿ ಏರುಪೇರು 100, ಅಂದರೆ ಶೇ 1 ಮಾತ್ರ. ಮಂದ ಬೆಳಕಿನ ಫೋಟೊದಲ್ಲಿ ಕಾಣುವ ರವೆ ರವೆ ಕಾಳು, ಅಂದರೆ ನಾಯ್ಸ್, ಬಹುಪಾಲು ಈ ಏರುಪೇರೇ. ಆದ್ದರಿಂದ ಆರ್7ರಲ್ಲಿ ಐಎಸ್‌ಒ 3,200ಕ್ಕೆ ಕಾಣುವಷ್ಟು ಕಾಳು ಆರ್8ರಲ್ಲಿ ಕಾಣಲು ಐಎಸ್‌ಒ 8,000ದ ಆಸುಪಾಸಿಗೆ ಹೋಗಬೇಕು. ಸಂಜೆಯ ಆರತಕ್ಷತೆಯಲ್ಲಿ, ಫ್ಲ್ಯಾಶ್ ಹಾಕಲಾಗದ ಗುಡಿಯ ಒಳಗೆ ಈ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಫುಲ್ ಫ್ರೇಮ್ ಹೊಗಳುವವರ ಮಾತಿನಲ್ಲಿರುವ ನಿಜ ಇದು.

ನಂಬಿಕೆ 1: ದೊಡ್ಡ ಸೆನ್ಸಾರ್ ಎಲ್ಲ ಕಡೆಯೂ ಗೆಲ್ಲುತ್ತದೆ

ಈಗ ಬೀಳಗಿ ಕಡೆಯ ಹಿನ್ನೀರಿಗೆ ಹೋಗೋಣ. ಚಳಿಗಾಲದಲ್ಲಿ ಬರುವ ಫ್ಲೆಮಿಂಗೊ, ಪಟ್ಟೆತಲೆ ಹೆಬ್ಬಾತುಗಳು ದಡದಿಂದ ದೂರ ನಿಲ್ಲುತ್ತವೆ. ಎರಡೂ ಕ್ಯಾಮೆರಾಕ್ಕೆ ಅದೇ 400 ಮಿ.ಮೀ. ಲೆನ್ಸ್ ಹಾಕಿ, ಅದೇ ಜಾಗದಲ್ಲಿ ನಿಂತರೆ ಹಕ್ಕಿಯ ಬಿಂಬ ಎರಡರಲ್ಲೂ ಅಷ್ಟೇ ಮಿಲಿಮೀಟರ್ ದೊಡ್ಡದು. ಅದರ ಮೇಲೆ ಬೀಳುವ ಬೆಳಕೂ ಅಷ್ಟೇ. ದೊಡ್ಡ ಸೆನ್ಸಾರ್ ಹೆಚ್ಚುವರಿಯಾಗಿ ಹಿಡಿಯುವುದು ಹಕ್ಕಿಯ ಸುತ್ತಲಿನ ನೀರನ್ನು. ನೀವು ಹೇಗೂ ಅದನ್ನು ಕತ್ತರಿಸಿ ಬಿಸಾಡುತ್ತೀರಿ.

ಕತ್ತರಿಸಿದ ಮೇಲೆ ಉಳಿಯುವುದೆಷ್ಟು? ಆರ್7 ಕೊಡುವ ಚೌಕಟ್ಟಿಗೆ ಸಮನಾಗಿ ಆರ್8ರ ಫೋಟೊ ಕತ್ತರಿಸಿದರೆ 24.2ರಲ್ಲಿ ಉಳಿಯುವುದು ಸುಮಾರು 9 ಮೆಗಾಪಿಕ್ಸೆಲ್. ಆರ್7ರಲ್ಲಿ 32.5 ಪೂರ್ತಿ ಇರುತ್ತದೆ. ಹಕ್ಕಿಯ ಗರಿಯ ವಿವರಕ್ಕೆ ಮೂರು ಪಟ್ಟಿಗಿಂತ ಹೆಚ್ಚು ಪಿಕ್ಸೆಲ್ ಚಿಕ್ಕ ಸೆನ್ಸಾರಿನಲ್ಲೇ ಸಿಕ್ಕಂತಾಯಿತು. ಬೀಳಗಿ–ಮುಧೋಳ ನಡುವಿನ ಯಡಹಳ್ಳಿಯ ಚಿಂಕಾರಗಳಿಗೂ ಇದೇ ಲೆಕ್ಕ. ಅವು ಮನುಷ್ಯರ ಸುಳಿವು ಸಿಕ್ಕರೆ ಓಡುತ್ತವೆ.

ಫುಲ್ ಫ್ರೇಮ್‌ನಲ್ಲೂ ಹಕ್ಕಿ ದೊಡ್ಡದಾಗಿ ಬರಬೇಕೆಂದರೆ ಉದ್ದನೆಯ ಲೆನ್ಸ್ ಬೇಕು. ಕ್ಯಾನನ್‌ನ ಆರ್‌ಎಫ್ 100-400 ಲೆನ್ಸಿನ ತೂಕ 635 ಗ್ರಾಂ, ಬಿಡುಗಡೆಯ ಬೆಲೆ 649 ಡಾಲರ್. ಆರ್‌ಎಫ್ 200-800 ಲೆನ್ಸ್ ಎರಡು ಕಿಲೊ ದಾಟುತ್ತದೆ, ಬಿಡುಗಡೆಯ ಬೆಲೆ 1,899 ಡಾಲರ್. ಅಷ್ಟು ದುಡ್ಡಿಲ್ಲದವರು ದೋಣಿ ಹತ್ತಿ ಹತ್ತಿರ ಹೋಗಲು ನೋಡುತ್ತಾರೆ. ಮೇಯುತ್ತಿದ್ದ ಹಿಂಡು ಎದ್ದು ಹಾರಿಹೋಗುತ್ತದೆ. ಫೋಟೊವೂ ಇಲ್ಲ, ಹಕ್ಕಿಗೂ ತೊಂದರೆ.

ನಂಬಿಕೆ 2: ಕ್ರಾಪ್ ಸೆನ್ಸಾರ್ ಲೆನ್ಸನ್ನು ಜೂಮ್ ಮಾಡುತ್ತದೆ

‘400 ಮಿ.ಮೀ. ಲೆನ್ಸ್ ಆರ್7ರಲ್ಲಿ 640 ಆಗುತ್ತದೆ’ ಎಂಬ ಮಾತು ಕೇಳಿರುತ್ತೀರಿ. ಲೆನ್ಸ್ 400 ಆಗಿಯೇ ಇರುತ್ತದೆ. ಚಿಕ್ಕ ಸೆನ್ಸಾರ್ ಚಿತ್ರದ ನಡುವಿನ ಭಾಗವನ್ನಷ್ಟೇ ಹಿಡಿಯುವುದರಿಂದ 640ರಷ್ಟು ಹತ್ತಿರ ಕಂಡಂತೆ ಅನಿಸುತ್ತದೆ. ಲಾಭ ಬರುವುದು ಆ ಚಿಕ್ಕ ಭಾಗದಲ್ಲಿ ಪಿಕ್ಸೆಲ್ ಒತ್ತೊತ್ತಾಗಿ ಇರುವುದರಿಂದ. ದಟ್ಟಣೆ ಇಲ್ಲದಿದ್ದರೆ 1.6 ಪಟ್ಟಿನ ಈ ಲೆಕ್ಕಕ್ಕೆ ಅರ್ಥವಿಲ್ಲ.

ಇದೇ 1.6 ಹಿನ್ನೆಲೆ ಮಸುಕಿಗೂ ಲೆಕ್ಕಕ್ಕೆ ಬರುತ್ತದೆ. ವಧುವಿನ ಮುಖ ಅದೇ ಕೋನದಿಂದ, ಅಷ್ಟೇ ದೊಡ್ಡದಾಗಿ ಬರುವಂತೆ ತೆಗೆದರೆ ಆರ್7ರಲ್ಲಿ ಎಫ್/1.8 ಕೊಡುವ ಮಸುಕು ಆರ್8ರಲ್ಲಿ ಎಫ್/2.8ಕ್ಕೇ ಸಿಗುತ್ತದೆ. ಮಸುಕು ಬೇಕೆನ್ನುವವರಿಗೆ ಫುಲ್ ಫ್ರೇಮ್ ಅನುಕೂಲ. ಮಂಟಪದ ಮೇಲೆ ಸಾಲಾಗಿ ನಿಂತ ಮೂವತ್ತು ಬೀಗರೂ ಸ್ಪಷ್ಟ ಬರಬೇಕಾದರೆ ಮಸುಕೇ ತೊಂದರೆ.

ನಂಬಿಕೆ 3: ಬಾಡಿ ದೊಡ್ಡದಿದ್ದರೆ ಸಾಕು, ಲೆನ್ಸ್ ಆಮೇಲೆ ನೋಡೋಣ

ಹೆಚ್ಚು ದುಡ್ಡು ದಂಡವಾಗುವುದು ಇಲ್ಲೇ. ಆರ್8ರ ಜೊತೆಗೆ ಬರುವ 24-50 ಕಿಟ್ ಲೆನ್ಸ್ 50 ಮಿ.ಮೀ.ಗೆ ಎಫ್/6.3ರಷ್ಟು ಮಾತ್ರ ತೆರೆಯುತ್ತದೆ. ಆರ್7ಗೆ ಕಡಿಮೆ ಬೆಲೆಯ 50 ಮಿ.ಮೀ. ಎಫ್/1.8 ಲೆನ್ಸ್ ಹಾಕಿ, ನಾಲ್ಕು ಹೆಜ್ಜೆ ಹಿಂದೆ ಸರಿದು ಅದೇ ಫೋಟೊ ತೆಗೆಯಿರಿ. ಆ ಲೆನ್ಸ್ ಸೆನ್ಸಾರಿನ ಪ್ರತಿ ಚದರ ಮಿಲಿಮೀಟರಿಗೆ ಸುಮಾರು 12 ಪಟ್ಟು ಬೆಳಕು ಕೊಡುತ್ತದೆ. ಸೆನ್ಸಾರ್ ಚಿಕ್ಕದಾದ್ದರಿಂದ ಆಗುವ 2.6 ಪಟ್ಟಿನ ನಷ್ಟ ಕಳೆದರೂ ಆರ್7 ನಾಲ್ಕು ಪಟ್ಟಿಗಿಂತ ಹೆಚ್ಚು ಬೆಳಕಿನಲ್ಲಿ ಮುಂದಿರುತ್ತದೆ. ಚಿಕ್ಕ ಸೆನ್ಸಾರಿಗೆಂದೇ ಮಾಡಿದ ಆರ್‌ಎಫ್-ಎಸ್ ಲೆನ್ಸನ್ನು ಆರ್8ಗೆ ಹಾಕಿದರೆ ಕ್ಯಾಮೆರಾ ತಾನಾಗಿ ನಡುಭಾಗಕ್ಕೆ ಇಳಿದು ಸುಮಾರು 9 ಮೆಗಾಪಿಕ್ಸೆಲ್ ಫೋಟೊ ಕೊಡುತ್ತದೆ.

‘ದೊಡ್ಡ ಸೆನ್ಸಾರ್ ಅಂದರೆ ಭಾರದ ಕ್ಯಾಮೆರಾ’ ಎಂಬುದೂ ಯಾವಾಗಲೂ ನಿಜವಲ್ಲ. ಬ್ಯಾಟರಿ, ಕಾರ್ಡ್ ಸೇರಿ ಆರ್8 ಸುಮಾರು 461 ಗ್ರಾಂ, ಆರ್7 ಸುಮಾರು 612 ಗ್ರಾಂ. ಹೆಗಲಿಗೆ ಭಾರವಾಗುವುದು ಲೆನ್ಸ್.

ಸೆನ್ಸಾರಿಗಿಂತ ಮುಖ್ಯವಾದ ಒಂದು ಕಿಂಡಿ

ಅಕ್ಷತೆ ಬೀಳುವ ಗಳಿಗೆ ಎರಡನೇ ಸಲ ಬರುವುದಿಲ್ಲ. ಮೆಮೊರಿ ಕಾರ್ಡ್ ಕೆಟ್ಟರೆ ದುಡ್ಡು ವಾಪಸ್ ಕೊಡಬಹುದು, ಮದುವೆ ವಾಪಸ್ ತರಲಾಗದು. ಆರ್7ರಲ್ಲಿ ಎರಡು ಕಾರ್ಡ್ ಸ್ಲಾಟ್ ಇವೆ. ಒಂದೇ ಫೋಟೊವನ್ನು ಎರಡರಲ್ಲೂ ಬರೆಸಬಹುದು. ಆರ್8ರಲ್ಲಿ ಒಂದೇ ಸ್ಲಾಟ್. ಬ್ಯಾಟರಿಯೂ ಚಿಕ್ಕದು. ಬಾಡಿಯೊಳಗೇ ಸೆನ್ಸಾರನ್ನು ಅಲುಗದಂತೆ ಹಿಡಿಯುವ ವ್ಯವಸ್ಥೆ ಆರ್7ರಲ್ಲಿದೆ, ಆರ್8ರಲ್ಲಿಲ್ಲ. ಮಂದ ಬೆಳಕಿಗೆ ಆರ್8 ಒಳ್ಳೆಯದು, ನಕಲು ಉಳಿಸಿಕೊಳ್ಳಲು ಆರ್7 ಒಳ್ಳೆಯದು. ಫ್ಲ್ಯಾಶ್ ಬಳಸಿ ಮದುವೆ ತೆಗೆಯುವವರಿಗೆ ಮೊದಲ ಲಾಭ ಬಹಳಷ್ಟು ಕರಗುತ್ತದೆ, ಎರಡನೆಯದು ಹಾಗೇ ಉಳಿಯುತ್ತದೆ.

ಓಡುವ ಮುಧೋಳ ನಾಯಿಯದು ಬೇರೆ ಲೆಕ್ಕ. ಹಗಲ ಬೆಳಕಿನಲ್ಲಿ ಎರಡೂ ಕ್ಯಾಮೆರಾ ಸೆಕೆಂಡಿನ 2,000ನೇ ಒಂದು ಭಾಗದಷ್ಟು ಚಿಕ್ಕ ಶಟರ್ ಸಮಯಕ್ಕೆ ಸಾಕು. ಆದರೆ ಆರ್7ರ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಸೆನ್ಸಾರನ್ನು ಮೇಲಿಂದ ಕೆಳಕ್ಕೆ ನಿಧಾನವಾಗಿ ಓದುತ್ತದೆ. ಅಷ್ಟರಲ್ಲಿ ನಾಯಿ ಮುಂದೆ ಹೋಗಿ ಕಾಲು ಸೊಟ್ಟಗೆ ಕಾಣಬಹುದು. ಅದರ ಮೆಕ್ಯಾನಿಕಲ್ ಶಟರ್ ಬಳಸಿ. ಸೆಕೆಂಡಿಗೆ 15 ಫೋಟೊ ಸಿಗುತ್ತವೆ.

ಸೀರೆಯ ಫೋಟೊಕ್ಕೆ ಮಾತ್ರ ಇಷ್ಟೆಲ್ಲ ತಲೆಬಿಸಿ ಬೇಡ. ಸೀರೆ ಓಡಿಹೋಗುವುದಿಲ್ಲ. ಟ್ರೈಪಾಡ್ ಮೇಲಿಟ್ಟು, ಕಿಟಕಿಯ ಬೆಳಕಿನಲ್ಲಿ ಕಡಿಮೆ ಐಎಸ್‌ಒ ಇಟ್ಟರೆ ಎರಡೂ ಸಮ.

ವಾಟ್ಸ್‌ಆ್ಯಪ್‌ನಲ್ಲಿ ಹೋಲಿಸಬಹುದೇ?

‘ಎಡಗಡೆ ಕ್ರಾಪ್, ಬಲಗಡೆ ಫುಲ್ ಫ್ರೇಮ್, ವ್ಯತ್ಯಾಸ ನೀವೇ ನೋಡಿ’ ಎಂಬ ಫಾರ್ವರ್ಡ್ ಬಂದರೆ ನಂಬಬೇಡಿ. ಸಾಮಾನ್ಯ ಗುಣಮಟ್ಟದಲ್ಲಿ ಕಳಿಸಿದ ಫೋಟೊವನ್ನು ವಾಟ್ಸ್‌ಆ್ಯಪ್ ಉದ್ದ ಬದಿಯಲ್ಲಿ ಸುಮಾರು 1,600 ಪಿಕ್ಸೆಲ್‌ಗೆ ಕುಗ್ಗಿಸುತ್ತದೆ. ಅಂದರೆ ಎರಡು ಮೆಗಾಪಿಕ್ಸೆಲ್‌ಗೂ ಕಡಿಮೆ. 2023ರಲ್ಲಿ ಬಂದ ಎಚ್‌ಡಿ ಆಯ್ಕೆಯೂ ಫೋಟೊವನ್ನು ಒತ್ತುತ್ತದೆ. ಮೂಲ ಫೈಲ್ ಬೇಕೆಂದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಅಂಥ ಹೋಲಿಕೆಯಲ್ಲಿ ಲೆನ್ಸ್, ಬೆಳಕು, ಎಡಿಟಿಂಗ್ ಒಂದೇ ಇತ್ತೇ ಎಂಬುದೂ ತಿಳಿಯುವುದಿಲ್ಲ.

ಪ್ರಿಂಟಿಗೆ? 12×18 ಇಂಚಿನ ಆಲ್ಬಮ್ ಪುಟಕ್ಕೆ ಇಂಚಿಗೆ 300ರಂತೆ 3,600×5,400 ಪಿಕ್ಸೆಲ್, ಅಂದರೆ ಸುಮಾರು 19 ಮೆಗಾಪಿಕ್ಸೆಲ್ ಸಾಕು. ಎರಡೂ ಕ್ಯಾಮೆರಾ ಅದನ್ನು ದಾಟುತ್ತವೆ.

ಹಾಗಾದರೆ ಯಾವುದು ಕೊಳ್ಳಬೇಕು?

ಅಂಗಡಿಗೆ ಹೋಗುವ ಮುನ್ನ ಕಳೆದ ಒಂದು ವರ್ಷದಲ್ಲಿ ನೀವು ತೆಗೆದ, ಇಲ್ಲವೇ ತೆಗೆಯಬೇಕೆಂದ ಫೋಟೊಗಳನ್ನು ನೆನಪಿಸಿಕೊಂಡು ಮೂರು ಪ್ರಶ್ನೆ ಕೇಳಿಕೊಳ್ಳಿ.

1. ಬೇಕಾದದ್ದರ ಹತ್ತಿರ ಹೋಗಲು ಸಾಧ್ಯವೇ? ಇಲ್ಲವೆಂದಾದರೆ, ಹಕ್ಕಿ, ಚಿಂಕಾರ, ಆಟದ ಮೈದಾನ ನಿಮ್ಮ ಕೆಲಸವಾದರೆ, ಪಿಕ್ಸೆಲ್ ಒತ್ತಾಗಿರುವ ಚಿಕ್ಕ ಸೆನ್ಸಾರ್ ಮೇಲು.

2. ಚೌಕಟ್ಟು ತುಂಬಿಸಬಹುದು, ಆದರೆ ಬೆಳಕು ಕಡಿಮೆ, ಫ್ಲ್ಯಾಶ್ ಹಾಕುವಂತಿಲ್ಲವೇ? ಆಗ ಫುಲ್ ಫ್ರೇಮ್ ತನ್ನ ಬೆಲೆ ತೀರಿಸುತ್ತದೆ. ಆದರೆ ದೊಡ್ಡ ಅಪರ್ಚರಿನ ಲೆನ್ಸ್ ಜೊತೆಗಿರಬೇಕು.

3. ಬಾಡಿ ಕೊಂಡ ಮೇಲೆ ಲೆನ್ಸ್, ಫ್ಲ್ಯಾಶ್, ಎರಡನೇ ಬ್ಯಾಟರಿಗೆ ಎಷ್ಟು ಉಳಿಯುತ್ತದೆ? ಏನೂ ಉಳಿಯದಿದ್ದರೆ ಒಂದು ಮೆಟ್ಟಿಲು ಕೆಳಗಿನ ಬಾಡಿ ತೆಗೆದುಕೊಂಡು ಉಳಿದದ್ದನ್ನು ಲೆನ್ಸಿಗೆ ಹಾಕಿ. ಬಾಡಿ ನಾಲ್ಕೈದು ವರ್ಷಕ್ಕೆ ಹಳತಾಗುತ್ತದೆ, ಒಳ್ಳೆಯ ಲೆನ್ಸ್ ಅದಕ್ಕಿಂತ ಹೆಚ್ಚು ಕಾಲ ದುಡಿಯುತ್ತದೆ.

ಉತ್ತರ ಹೊಳೆಯದಿದ್ದರೆ ಕೊಳ್ಳುವ ಮೊದಲು ಒಂದು ದಿನ ಬಾಡಿಗೆಗೆ ತಂದು ನಿಮ್ಮ ಕೆಲಸದಲ್ಲೇ ಬಳಸಿ ನೋಡಿ. ಮುಂದಿನ ಸಲ ಗ್ರೂಪಿನಲ್ಲಿ ಯಾರಾದರೂ ಯಾವ ಕ್ಯಾಮೆರಾ ಎಂದು ಕೇಳಿದರೆ ಮಾಡೆಲ್ ಹೆಸರು ಹೇಳುವ ಮೊದಲು ‘ಏನು ತೆಗೆಯುತ್ತೀರಿ, ಎಷ್ಟು ದೂರದಿಂದ, ಯಾವ ಬೆಳಕಿನಲ್ಲಿ?’ ಎಂದು ತಿರುಗಿ ಕೇಳಿ.